ಅವರ ಡಿಕ್ಷನರಿಯಲ್ಲಿ ನಮ್ಮ ಅರೆ

ತುಮಕೂರಿನ ಕಾಲೇಜೊಂದರಲ್ಲಿ ನಾವು ಬಿ.ಎ. ಓದುತ್ತಿದ್ದಾಗ ಇಂಗ್ಲಿಷ್ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಪದ ಬರೆದರು. ಪರಾಯ. "ಬರ್ಕೊಳ್ರಯ್ಯಾ, ಪರಾಯ ಅಂದ್ರೆ ಬಹಿಷ್ಕೃತ. ಯಾರೂ ಹತ್ರ ಸೇರಿಸದೇ ಇರೋನು. ಸ್ವಲ್ಪ ಹಳೇ ಕಾಲದ ಬೈಗುಳ. ಎರಡು ಮಾರ್ಕಿಗೆ ಬರುತ್ತೆ" ಅಂದರು. ಕೊನೇ ಬೆಂಚಿನ ಹಾಸ್ಟೆಲ್ ಹುಡುಗರಾದ ನಾವೂ ಬರೆದುಕೊಂಡೆವು. ಬಾಯಿಪಾಠ ಮಾಡಿದೆವು. ಆ ಪದ ಯಾವ ಊರಿಂದ ಬಂತು, ಯಾರ ಮನೆಯಿಂದ ಎತ್ಕೊಂಡು ಹೋದದ್ದು, ಅದನ್ನ ಮೇಷ್ಟ್ರು ಹೇಳಲಿಲ್ಲ. ನಾವೂ ಕೇಳಲಿಲ್ಲ. ಕೇಳುವ ಅಭ್ಯಾಸ ನಮಗಿನ್ನೂ ಬಂದಿರಲಿಲ್ಲ.

ಪದವಿ ಮುಗಿಸಿ, ಕೆಲಸವಿಲ್ಲದೆ ಲೈಬ್ರರಿಯಲ್ಲಿ ಕೂತ ದಿನಗಳಲ್ಲಿ ಒಂದು ದೊಡ್ಡ ಡಿಕ್ಷನರಿ ತೆಗೆದು ನೋಡಿದೆವು. ಆ ಪದದ ಬೇರು ತಮಿಳಿನ ಪಱೈ ಅಂತಿತ್ತು. ಪಱೈ ಅಂದರೆ ಚರ್ಮವಾದ್ಯ. ಅದನ್ನು ಬಡಿಯೋನು ಪಱೈಯನ್. ಅವನನ್ನೇ ಇಂಗ್ಲಿಷಿನವರು ಪರಾಯ ಮಾಡಿಕೊಂಡರು.

ಅಷ್ಟೇ ಆಗಿದ್ದರೆ ತಮಿಳುನಾಡಿನ ನಮ್ಮ ಬಂಧುಗಳ ಕತೆ ಅಂತ ಪುಸ್ತಕ ಮುಚ್ಚುತ್ತಿದ್ದೆವು. ಆದರೆ ಕನ್ನಡದ ಕಡೆ ತಿರುಗಿ ನೋಡಿದರೆ ಹಳಗನ್ನಡದಲ್ಲೂ ಪಱೆ ಇದೆ. ಕವಿಗಳು ಯುದ್ಧ ವರ್ಣಿಸುವಾಗ ಮೊಳಗುವ ವಾದ್ಯ ಅದು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಹಂಗೇ ಪಱೆ ಹರೆಯಾಯಿತು. ಹಕಾರ ನುಂಗುವ ನಮ್ಮ ಕೇರಿಯ ಬಾಯಲ್ಲಿ ಹರೆ ಅರೆಯಾಯಿತು.

ಅರೆ! ಊರ್ಡಿಗೆರೆ ಕಡೆಯ ನಮ್ಮ ಮಾದಿಗ ಕೇರಿಯಲ್ಲಿ, ನಮ್ಮ ಮನೆಯ ಗೋಡೆಯ ಗೂಟಕ್ಕೆ ಇವತ್ತೂ ನೇತಾಡುತ್ತಿರುವುದು ನಮ್ಮ ತಾತನ ಅರೆ. ಮಳೆಗಾಲದಲ್ಲಿ ಅದಕ್ಕೆ ಬೂಸಲು ಹಿಡಿಯದ ಹಾಗೆ ಅವ್ವ ಒಲೆ ಹತ್ತಿರ ಇಡುತ್ತಾಳೆ. ನಾವು ಹುಟ್ಟಿದಂದಿನಿಂದ ನೋಡಿದ ಆ ಸಾಮಾನು, ಲಂಡನ್ನಿನಲ್ಲಿ ಅಚ್ಚಾದ ಪುಸ್ತಕದಲ್ಲಿ ಬೈಗುಳವಾಗಿ ಕೂತಿತ್ತು. ಅದರ ಬಗ್ಗೆ ಬರೆಯದೆ ನಮಗೆ ನಿದ್ದೆ ಬರುವುದಿಲ್ಲ.

*

ಈ ಪದದ ಪ್ರಯಾಣವನ್ನು ಮೊದಲು ನೋಡೋಣ.

ಸಂಗಂ ಕಾಲದ ಪುಱನಾನೂಱಿನ ಒಂದು ಪದ್ಯ ನಾಲ್ಕು ಕುಲಗಳನ್ನು ಗೌರವದಿಂದ ಹೆಸರಿಸುತ್ತದೆ. ತುಡಿಯನ್, ಪಾಣನ್, ಪಱೈಯನ್, ಕಡಂಬನ್. ಅಲ್ಲಿ ಪಱೈಯನ್ ಕೀಳಲ್ಲ. ತಮಿಳಿನಲ್ಲಿ ಪಱೈ ಅನ್ನುವುದಕ್ಕೆ ಹೇಳು, ಸಾರು ಅನ್ನುವ ಅರ್ಥವೂ ಉಂಟು. ಕಾಸರಗೋಡಿನ ಗೆಳೆಯರನ್ನು ಕೇಳಿ, ಮಲೆಯಾಳದಲ್ಲಿ ಇವತ್ತೂ ಹೇಳುವುದಕ್ಕೆ ಪಱಯುಕ ಅಂತಲೇ ಅನ್ನುತ್ತಾರೆ. ಸುದ್ದಿಯನ್ನು ಊರಿಗೆಲ್ಲ ಸಾರಿ ಹೇಳುತ್ತಿದ್ದವನ ಹೆಸರು, ಮಾತಾಡುವ ಹಕ್ಕೇ ಇಲ್ಲದವನ ಹೆಸರಾಗಿ ಹೋಯಿತು.

ಹನ್ನೊಂದನೇ ಶತಮಾನದ ಹೊತ್ತಿಗೆ ತಂಜಾವೂರಿನ ರಾಜರಾಜ ಚೋಳನ ಶಾಸನಗಳಲ್ಲಿ ಪಱೈಚ್ಚೇರಿ ಅನ್ನುವ ಹೆಸರು ಬರುತ್ತದೆ. ಅಂದರೆ ಊರು ಬೇರೆ, ಚೇರಿ ಬೇರೆ. ಅದೇ ಶಾಸನಗಳಲ್ಲಿ ತೀಂಡಾಚ್ಚೇರಿ ಅಂತಲೂ ಇದೆ. ಮುಟ್ಟಬಾರದವರ ಕೇರಿ! ಅಸ್ಪೃಶ್ಯತೆಯನ್ನು ಬ್ರಿಟಿಷರು ಕಟ್ಟಿದರು ಅಂತ ಭಾಷಣ ಬಿಗಿಯುವ ಮಹನೀಯರಿಗೆ ಈ ಕಲ್ಲುಗಳನ್ನು ಓದಿ ಹೇಳಬೇಕು. ಆಗ ಲಂಡನ್ನಿಂದ ಯಾವ ಹಡಗೂ ಹೊರಟಿರಲಿಲ್ಲ.

ಹಡಗು ಬಂದದ್ದು ಆಮೇಲೆ. 1516ರ ಸುಮಾರಿಗೆ ಪೋರ್ಚುಗೀಸರ ದುವಾರ್ತೆ ಬಾರ್ಬೋಸಾ ಈ ಹೆಸರನ್ನು ಬರೆದಿಟ್ಟ. 1613ರಲ್ಲಿ ಸ್ಯಾಮುಯೆಲ್ ಪರ್ಚಸ್‌ನ ಪುಸ್ತಕದ ಮೂಲಕ ಇಂಗ್ಲಿಷಿಗೆ ನುಗ್ಗಿತು. ಆಗ ಅದು ಒಂದು ಜಾತಿಯ ಹೆಸರು ಮಾತ್ರ. ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳ ಹೊತ್ತಿಗೆ ಯಾರು ಬೇಡವೋ ಅವರಿಗೆಲ್ಲ ಅಂಟಿಸುವ ಬೈಗುಳವಾಯಿತು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ತಂದ ಹಾಬ್ಸನ್-ಜಾಬ್ಸನ್ ಕೋಶ, ಇದರ ಮೂಲ ವಾದ್ಯ ಬಡಿಯುವವನೆಂದು ಬರೆದಿದೆ. ದೊರೆಗಳಿಗೆ ಗೊತ್ತಿತ್ತು. ಗೊತ್ತಿದ್ದೂ ಬೈದರು.

ಹಕ್ಕಿಗಳನ್ನೂ ಬಿಡಲಿಲ್ಲ ಅವರು. ಕೆಂಗಂದು ಮೈ, ಬಿಳಿ ತಲೆಯ ಗರುಡ ಇದೆಯಲ್ಲ, ಅದಕ್ಕೆ ಬ್ರಾಹ್ಮಿಣಿ ಕೈಟ್ ಅಂತ ಹೆಸರಿಟ್ಟರು. ತಿಪ್ಪೆಯ ಮೇಲೆ, ಸತ್ತ ಪ್ರಾಣಿಯ ಮೇಲೆ ಎರಗುವ ಮಣ್ಣು ಬಣ್ಣದ ಹದ್ದಿಗೆ ಪರಾಯ ಕೈಟ್ ಅಂದರು. ಬೀದಿ ನಾಯಿಗೆ ಪರಾಯ ಡಾಗ್. ಆಕಾಶದಲ್ಲೂ ಅಗ್ರಹಾರ, ಕೇರಿ! ಇದನ್ನು ದೊರೆಗೆ ಹೇಳಿಕೊಟ್ಟವರು ಯಾರು? ಅವನ ಪಕ್ಕದಲ್ಲಿ ನಿಂತು ಅರ್ಥ ಹೇಳುತ್ತಿದ್ದ ದುಬಾಷಿ ಯಾವ ಬೀದಿಯವನು? ನಮ್ಮ ಕೇರಿಯವನಂತೂ ಅಲ್ಲ, ನಮಗೆ ಅಕ್ಷರವೇ ಇರಲಿಲ್ಲ.

ಫ್ರೆಂಚರು ಕರುಣೆಯಿಂದ ಕೈಗೆತ್ತಿಕೊಂಡರು. 1791ರಲ್ಲಿ ಬೆರ್ನಾರ್ದಾ ದ ಸಾಂ-ಪಿಯೇರ್ ಬರೆದ ಕತೆಯಲ್ಲಿ ಸತ್ಯ ಹುಡುಕಿ ಹೊರಟ ಇಂಗ್ಲಿಷ್ ಪಂಡಿತನಿಗೆ ಅದು ಪುರಿ ಜಗನ್ನಾಥದ ಪಂಡಿತರಲ್ಲಿ ಸಿಗದೆ ಒಬ್ಬ ಪಱೈಯನ ಗುಡಿಸಲಿನಲ್ಲಿ ಸಿಗುತ್ತದೆ. 1821ರಲ್ಲಿ ಪ್ಯಾರಿಸ್ಸಿನಲ್ಲಿ ಇದೇ ಹೆಸರಿನ ನಾಟಕ ಆಡಿದರು. ಜರ್ಮನಿಯ ಗಯಟೆ ಪದ್ಯ ಬರೆದ. ಸಮಾಜಶಾಸ್ತ್ರಿ ಮ್ಯಾಕ್ಸ್ ವೇಬರ್ ಯಹೂದಿಗಳನ್ನು ಈ ಹೆಸರಿನಿಂದಲೇ ವಿವರಿಸಿದ. 1944ರಲ್ಲಿ ಹಿಟ್ಲರನಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ್ದ ಹಾನಾ ಅರೆಂಟ್ ಕೂಡ ತನ್ನ ಜನರ ಸಂಕಟ ಹೇಳಲು ಇದೇ ಪದ ಬಳಸಿದಳು. ಅವಳ ನೋವಿನ ಬಗ್ಗೆ ನಮಗೆ ಗೌರವವಿದೆ. ನೊಂದವರು ನೊಂದವರ ಹೆಸರು ಕೇಳಿ ಪಡೆದರೆ ನಾವು ಬೇಡ ಅನ್ನುವವರಲ್ಲ. ಆದರೆ ಪ್ರಪಂಚದ ಪಂಡಿತರೆಲ್ಲ ನಮ್ಮ ಹೆಸರನ್ನು ಉಪಮೆ ಮಾಡಿಕೊಂಡು ಗ್ರಂಥ ಬರೆಯುತ್ತಿದ್ದಾಗ, ಆ ಹೆಸರಿನ ಮನುಷ್ಯ ಬಾವಿ ಮುಟ್ಟಿದ್ದಕ್ಕೆ ಇಲ್ಲಿ ಒದೆ ತಿನ್ನುತ್ತಿದ್ದ.

ಇನ್ನು ಇವತ್ತಿನ ಪೇಪರ್ ತೆಗೆಯಿರಿ. ಪರಾಯ ಸ್ಟೇಟ್! ವರ್ಣಭೇದ ನಡೆಸುತ್ತಿದ್ದ ದಕ್ಷಿಣ ಆಫ್ರಿಕಾದ ಸರ್ಕಾರವನ್ನು ಜಗತ್ತು ದೂರ ಇಟ್ಟಾಗ ಪತ್ರಿಕೆಗಳು ಅದನ್ನು ಕರೆದದ್ದು ಹೀಗೆ. 2019ರಲ್ಲಿ ಅಮೆರಿಕದ ಚುನಾವಣಾ ಚರ್ಚೆಯಲ್ಲಿ ಜೋ ಬೈಡನ್, ಪತ್ರಕರ್ತನ ಕೊಲೆ ಮಾಡಿಸಿದ ಸೌದಿ ಆಳ್ವಿಕೆಯನ್ನು ಪರಾಯ ಮಾಡುತ್ತೇವೆ ಅಂದರು. ಗೆಳೆಯರೇ, ಇದರ ಅನ್ಯಾಯವನ್ನು ನಿಧಾನವಾಗಿ ಯೋಚಿಸಿ. ಕೊಂದವನಿಗೆ, ತುಳಿದವನಿಗೆ, ಕರಿಯರನ್ನು ಬೇಲಿ ಆಚೆ ಅಟ್ಟಿದವನಿಗೆ ತುಳಿಸಿಕೊಂಡವನ ಹೆಸರು! ದೂರ ಇಟ್ಟವನ ಹೆಸರು ಯಾವ ಭಾಷೆಯಲ್ಲೂ ಬೈಗುಳವಾಗಲಿಲ್ಲ. ದೂರ ಇಡಿಸಿಕೊಂಡವನ ಹೆಸರು ಬೈಗುಳವಾಯಿತು. ತಪ್ಪು ಮಾಡಿದವನು ಅವನು, ಹೆಸರು ಕೆಟ್ಟಿದ್ದು ನಮ್ಮದು.

*

ಇಂಗ್ಲಿಷಿನವನನ್ನು ಬೈದು ಕನ್ನಡಮ್ಮನಿಗೆ ಆರತಿ ಎತ್ತುವ ಉದ್ದೇಶ ನಮಗಿಲ್ಲ. ಅವನ ಬೈಗುಳ ಹಳೇ ಕಾಲದ್ದಾಯಿತು, ಅವನ ಬೀದಿಯಲ್ಲಿ ಅದನ್ನು ಈಗ ಯಾರೂ ಕೂಗಿ ಅನ್ನುವುದಿಲ್ಲ. ನಮ್ಮ ಬೀದಿಯಲ್ಲಿ?

ಮನೆ ಗಲೀಜಾದರೆ "ಏನೇ ಇದು ಹೊಲಗೇರಿ ಆಗೈತೆ" ಅನ್ನುತ್ತಾರೆ. ಮಗ ಮಾತು ಕೇಳದಿದ್ದರೆ "ಮಾದಿಗ ನನ್ಮಗನೆ" ಅನ್ನುತ್ತಾರೆ. ಅನ್ನುವವರು ಹೆತ್ತ ತಾಯಿ, ಅನ್ನಿಸಿಕೊಳ್ಳೋನು ಗೌಡರ ಮಗ. ಇಬ್ಬರ ಜಗಳದಲ್ಲಿ ನಾವೆಲ್ಲಿ ಬಂದೆವು ಸ್ವಾಮಿ? ಕೊರಮ, ವಡ್ಡ, ಹಜಾಮ, ಅಗಸ, ದೊಂಬ. ಕನ್ನಡದ ಬೈಗುಳ ಪಟ್ಟಿ ಮಾಡಿದರೆ ಅದು ಕೆಲಸ ಮಾಡುವವರ ಪಟ್ಟಿ. ಬುಟ್ಟಿ ಹೆಣೆದವನು, ಕಲ್ಲು ಒಡೆದವನು, ಕ್ಷೌರ ಮಾಡಿದವನು, ಕೊಳೆ ತೊಳೆದವನು. ಕೂತು ತಿಂದವನ ಹೆಸರು ಹೇಳಿ ಬೈದದ್ದನ್ನು ನೀವು ಎಷ್ಟು ಸಾರಿ ಕೇಳಿದ್ದೀರಿ?

ಹೊಲೆಯ ಪದಕ್ಕೆ ಪಂಡಿತರು ಎರಡು ದಾರಿ ತೋರಿಸುತ್ತಾರೆ. ಹೊಲದಿಂದ ಹೊಲೆಯ ಅಂತ ಒಬ್ಬರು, ಹೊಲೆ ಅಂದರೆ ಮೈಲಿಗೆಯಿಂದ ಅಂತ ಇನ್ನೊಬ್ಬರು. ವ್ಯಾಕರಣದ ಜಗಳ ಅವರೇ ಆಡಿಕೊಳ್ಳಲಿ. ಗೆದ್ದೆ ಗೆಯ್ದವನು ನಮ್ಮಪ್ಪ, ಆ ಗೆದ್ದೆಗೆ ಮೈಲಿಗೆ ಅಂತ ಅರ್ಥ ಬರೆದವನು ಯಾರು ಅನ್ನುವುದಷ್ಟೇ ನಮ್ಮ ಪ್ರಶ್ನೆ.

ಪದದ ವಿಚಾರದಲ್ಲಿ ಈ ನಾಡಿಗೆ ಎಷ್ಟು ರೋಷ ಬರುತ್ತದೆ ಅನ್ನುವುದನ್ನು 1973ರಲ್ಲಿ ನೋಡಿದ್ದೇವೆ. ನಾವಿನ್ನೂ ಹುಟ್ಟಿರಲಿಲ್ಲ, ಹಿರಿಯರು ಹೇಳಿದ್ದು. ಆ ವರ್ಷ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟ ಮಂತ್ರಿ ಆತ. ಬೂಸಾ ಅಂದರೆ ದನಕ್ಕೆ ಇಡುವ ತೌಡು, ಹೊಟ್ಟು. ಅಷ್ಟಕ್ಕೇ ನಾಡು ಹೊತ್ತಿ ಉರಿಯಿತು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಕುವೆಂಪು ಅವರಂಥ ಕುವೆಂಪು ಬಸವಲಿಂಗಪ್ಪನವರ ಮಾತಿನಲ್ಲಿ ನಿಜವಿದೆ ಅಂದರೂ ಬಿಡಲಿಲ್ಲ. ಅವರು ರಾಜೀನಾಮೆ ಕೊಡಬೇಕಾಯಿತು. ಸಾಹಿತ್ಯಕ್ಕೆ ಒಂದು ಸಾರಿ ಬೂಸಾ ಅಂದದ್ದಕ್ಕೆ ಮಂತ್ರಿಗಿರಿ ಹೋಯಿತು. ಮನುಷ್ಯರ ಹೆಸರನ್ನೇ ಸಾವಿರ ವರ್ಷ ಬೈಗುಳ ಮಾಡಿಕೊಂಡದ್ದಕ್ಕೆ ಯಾರ ಕುರ್ಚಿ ಅಲುಗಾಡಿತು? ಆ ಬೂಸಾ ಗಲಾಟೆಯ ಗಾಯದಿಂದಲೇ ದಲಿತ ಸಂಘರ್ಷ ಸಮಿತಿಗೆ ಕಾವು ಸಿಕ್ಕಿತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು ಅನ್ನುವುದು ಬೇರೆ ಮಾತು.

*

ಹೆಸರು ಕೆಟ್ಟರೆ ಹೆಸರು ಬದಲಾಯಿಸೋಣ ಅಂತ ನಮ್ಮವರೂ ಹೊರಟರು.

ಮದರಾಸಿನಲ್ಲಿ ಇಬ್ಬರು ಹಿರಿಯರಿದ್ದರು. ರೆಟ್ಟಮಲೈ ಶ್ರೀನಿವಾಸನ್ 1893ರಲ್ಲಿ ಪತ್ರಿಕೆ ತೆಗೆದು ಅದಕ್ಕೆ ಪಱೈಯನ್ ಅಂತಲೇ ಹೆಸರಿಟ್ಟರು. ನೀವು ಬೈಯುವ ಹೆಸರನ್ನೇ ತಲೆಬರಹ ಮಾಡುತ್ತೇವೆ, ಓದಿ ಅಂದರು. ಅಯೋತಿದಾಸ ಪಂಡಿತರು ಒಪ್ಪಲಿಲ್ಲ. ಅದು ಶತ್ರುಗಳು ಅಂಟಿಸಿದ ಹೆಸರು, ನಾವು ಮೂಲ ಬೌದ್ಧರು ಅಂದರು. 1907ರಲ್ಲಿ ಅವರು ತಮಿಳನ್ ಪತ್ರಿಕೆ ತೆಗೆದರು. ಅವರ ಮಾತು ನಮ್ಮ ನೆಲಕ್ಕೂ ಬಂತು. ಕೋಲಾರದ ಚಿನ್ನದ ಗಣಿಗೆ ಇಳಿದ ತಮಿಳು ಕೂಲಿಗಳಲ್ಲಿ ಬಹಳ ಮಂದಿ ಈ ಪಱೈಯರೇ. ಮಾರಿಕುಪ್ಪಂನಲ್ಲಿ ಅವರು ಬೌದ್ಧ ಸಂಘ ಕಟ್ಟಿದರು. ನೆಲದ ಕೆಳಗೆ ಚಿನ್ನ ಅಗೆದು, ನೆಲದ ಮೇಲೆ ಬುದ್ಧನನ್ನು ಓದಿದರು. 2001ರಲ್ಲಿ ಗಣಿ ಮುಚ್ಚಿ ಅವರನ್ನು ಬೀದಿಗೆ ಬಿಟ್ಟರು.

1922ರಲ್ಲಿ ಎಂ.ಸಿ. ರಾಜಾ ಅವರ ನಿರ್ಣಯದಂತೆ ಮದರಾಸ್ ಸರ್ಕಾರದ ಕಡತಗಳಲ್ಲಿ ಪಱೈಯ, ಪಂಚಮ ಹೋಗಿ ಆದಿ ದ್ರಾವಿಡ ಬಂತು. ಮೈಸೂರು ಸಂಸ್ಥಾನದಲ್ಲಿ ಆದಿ ಕರ್ನಾಟಕ ಬಂತು. ಆಮೇಲೆ ಗಾಂಧಿಯವರ ಹರಿಜನ ಬಂತು. 1938ರಲ್ಲಿ ಆ ಹೆಸರನ್ನು ಕಾನೂನಿನಲ್ಲಿ ತುರುಕಿದಾಗ ಬಾಬಾಸಾಹೇಬರೂ ಅವರ ಪಕ್ಷದವರೂ ಬೊಂಬಾಯಿ ಶಾಸನಸಭೆಯಿಂದ ಎದ್ದು ಹೊರನಡೆದರು. 1982ರಲ್ಲಿ ಕೇಂದ್ರ ಸರ್ಕಾರವೇ ಹರಿಜನ ಅಂತ ಬರೆಯಬೇಡಿ ಅಂತ ಹೇಳಿತು.

ಏನಾಯಿತು ನೋಡಿ. ಆದಿ ಕರ್ನಾಟಕ ಅಂದರೆ ಈ ನಾಡಿನ ಮೊದಲಿಗರು. ಎಂಥ ದೊಡ್ಡ ಹೆಸರು! ಅದು ಇಂಗ್ಲಿಷಿನಲ್ಲಿ ಎರಡಕ್ಷರವಾಗಿ ಏಕೆ ಆಯಿತು. "ಅವ್ರು ಏಕೆಗಳು ಕಣ್ರೀ, ಮನೆ ಕೊಡಬ್ಯಾಡಿ" ಆಯಿತು. ಏಕೆ ಕಾಲೋನಿ, ಹರಿಜನ ಕೇರಿ, ಅಂಬೇಡ್ಕರ್ ನಗರ. ಬೋರ್ಡು ಬದಲಾಯಿತು, ಚರಂಡಿ ಮಾತ್ರ ಊರಿಂದ ಹರಿದು ನಮ್ಮ ಬಾಗಿಲಿಗೇ ಬಂತು. ತುಮಕೂರಿನಲ್ಲಿ ರೂಮು ಹುಡುಕಲು ಹೋದಾಗ ಒಬ್ಬ ಮಾಲೀಕರು "ನೀವು ಯಾವ ಪೈಕಿ?" ಅಂದರು. ಅಷ್ಟೇ. ಯಾವ ಬೈಗುಳವೂ ಇಲ್ಲ. ಪೈಕಿ! ಎಷ್ಟು ಸಭ್ಯ ಪದ. ನಾವು ಹೇಳಿದೆವು. ರೂಮು ಆಗಲೇ ಬೇರೆಯವರಿಗೆ ಆಗಿದೆ ಅಂದರು. ಬಾಡಿಗೆಗೆ ಇದೆ ಅನ್ನುವ ಬೋರ್ಡು ಇನ್ನೂ ಹದಿನೈದು ದಿನ ಗೇಟಿಗೆ ನೇತಾಡುತ್ತಿತ್ತು.

ಕೊಳಕು ಪದದಲ್ಲಿ ಇದ್ದಿದ್ದರೆ ಪದ ತೊಳೆದಾಗ ಹೋಗಬೇಕಿತ್ತು. ಮುಟ್ಟಿದವನ ಕೈಯಲ್ಲಿತ್ತು, ಆದ್ದರಿಂದ ಅವನು ಮುಟ್ಟಿದ ಹೊಸ ಹೆಸರೂ ಕೊಳಕಾಯಿತು. ನೆಲ ಕೊಡದೆ, ನೀರು ಕೊಡದೆ, ಬರೀ ಹೆಸರು ಕೊಟ್ಟರೆ ಹಿಂಗೇ ಆಗೋದು.

2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆ ಬಂತು. ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಅನ್ನುವ ಹೆಸರುಗಳ ಒಳಗೆ ಯಾರು ಹೊಲೆಯರು, ಯಾರು ಮಾದಿಗರು ಅಂತ ಗೊತ್ತಾಗದೆ ಒಳಮೀಸಲಾತಿ ಕಗ್ಗಂಟಾಗಿತ್ತು. ಒಂದು ಜಿಲ್ಲೆಯಲ್ಲಿ ಏಕೆ ಅಂದರೆ ಹೊಲೆಯರು, ಇನ್ನೊಂದು ಕಡೆ ಮಾದಿಗರು. ನಮ್ಮ ಕೇರಿಗೂ ಬಂದ ಮೇಷ್ಟ್ರು ಜಗಲಿಯ ಮೇಲೆ ಕೂತು, ಮೊಬೈಲು ಹಿಡಿದು, "ಮೂಲ ಜಾತಿ ಹೇಳಪ್ಪಾ" ಅಂತ ಕೇಳಿದರು. ನಮ್ಮ ದೊಡ್ಡಪ್ಪ ನೆಲ ನೋಡಿಕೊಂಡು "ಏಕೆ ಅಂತ ಬರ್ಕಳಿ ಸ್ವಾಮಿ" ಅಂದರು. ಮೇಷ್ಟ್ರು ಮತ್ತೆ ಕೇಳಿದರು. ಅರವತ್ತು ದಾಟಿದ ಮುದುಕ, ತನ್ನ ಹೆಸರನ್ನು ಹೇಳಲು ಸುತ್ತ ಒಂದು ಸಾರಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. ಕಳ್ಳತನ ಒಪ್ಪಿಕೊಂಡ ಹಾಗೆ ಹೇಳಿದರು. ಪಾಲು ಬೇಕಾದರೆ ಹೆಸರು ಹೇಳಬೇಕು, ಹೆಸರು ಹೇಳಿದರೆ ಬೈದುಕೊಂಡ ಹಾಗೆ. ಒಬ್ಬ ಮನುಷ್ಯನಿಗೆ ತನ್ನ ಹೆಸರೇ ಗಂಟಲಲ್ಲಿ ಸಿಕ್ಕಿಕೊಳ್ಳುವ ಹಾಗೆ ಮಾಡಿದ್ದೀರಲ್ಲಾ, ಇದಕ್ಕಿಂತ ದೊಡ್ಡ ದರೋಡೆ ಯಾವುದು?

*

"ಕಾನೂನು ಇದೆಯಲ್ಲ" ಅನ್ನುತ್ತಾರೆ ನಮ್ಮ ಓದಿದ ಗೆಳೆಯರು. ಇದೆ. 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. 2015ರ ತಿದ್ದುಪಡಿ, ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾತಿ ಹೆಸರೆತ್ತಿ ಬೈದರೆ ಅಪರಾಧ ಅಂತ ಸ್ಪಷ್ಟವಾಗಿ ಬರೆದಿದೆ. 2020ರಲ್ಲಿ ಸುಪ್ರೀಂ ಕೋರ್ಟು ನಾಲ್ಕು ಗೋಡೆಗಳ ನಡುವೆ, ಹೊರಗಿನವರು ಯಾರೂ ಇಲ್ಲದಾಗ ಅಂದರೆ ಈ ಕಲಮು ಬರುವುದಿಲ್ಲ ಅಂದಿತು. ಕಾನೂನು ಬಿಡಬೇಡಿ, ಠಾಣೆಗೆ ಹೋಗಿ, ಬರೆಸಿ. ಆದರೆ ನಾವು ಕೇಳಿಸಿಕೊಂಡ ಬೈಗುಳಗಳಲ್ಲಿ ಹೆಚ್ಚಿನವು ತೋಟದ ಮನೆಯಲ್ಲಿ, ದನದ ಕೊಟ್ಟಿಗೆಯಲ್ಲಿ, ಕೂಲಿ ಎಣಿಸುವ ಜಗಲಿಯಲ್ಲಿ ಬಿದ್ದವು. ಅಲ್ಲಿ ಸಾಕ್ಷಿಗೆ ಇದ್ದದ್ದು ಎಮ್ಮೆ.

ಇನ್ನು ಗೋಡೆಯ ಮೇಲಿನ ಅರೆಯ ಮಾತು. ನಮ್ಮ ತಾತ ಊರ ಜಾತ್ರೆಗೆ ಬಡಿದರು, ಸಾವಿಗೆ ಬಡಿದರು, ಡಂಗೂರಕ್ಕೆ ಬಡಿದರು. ಕೂಲಿ ಇಲ್ಲ, ಬಿಟ್ಟಿ. ಕೊನೆಗೆ ಸಿಗುತ್ತಿದ್ದದ್ದು ಮುದ್ದೆ, ಸಾರು, ಅದೂ ಗುಡಿಯಿಂದ ದೂರ ಕೂತು. ಅರೆಯ ಸದ್ದು ಕೇಳಿ ದೇವರು ಹೊರಗೆ ಬರುತ್ತಿದ್ದ, ಬಡಿದವನು ಒಳಗೆ ಹೋಗುವ ಹಾಗಿರಲಿಲ್ಲ. ನಮ್ಮಪ್ಪನ ಕಾಲಕ್ಕೆ ಕೇರಿಯ ಹುಡುಗರು ಬಡಿಯೋಲ್ಲ ಅಂದರು. ಒಂದು ಬೇಸಿಗೆ ಇಡೀ ಕೂಲಿ ನಿಂತಿತು, ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ. ಆವತ್ತು ಅರೆ ಗೂಟ ಸೇರಿತು.

ಅದನ್ನು ಸುಟ್ಟುಬಿಡೋಣ ಅನ್ನುವ ಗೆಳೆಯರಿದ್ದಾರೆ. ಅವರ ಸಿಟ್ಟು ನಿಜ, ಅದು ಅಯೋತಿದಾಸರ ಸಿಟ್ಟು. ಅದು ನಮ್ಮ ಕಲೆ, ಬಡಿಯೋಣ ಅನ್ನುವವರೂ ಇದ್ದಾರೆ. ನಾವು ಎರಡು ಮಾತಿಲ್ಲದೆ ನಮ್ಮ ನಿಲುವು ಹೇಳುತ್ತೇವೆ. ಊರಿನ ಅಪ್ಪಣೆಗೆ ಬಡಿಯುವುದಿಲ್ಲ, ಹೆಣದ ಮುಂದೆ ಬಿಟ್ಟಿ ಬಡಿಯುವುದಿಲ್ಲ, ಮಂತ್ರಿಯ ಮೆರವಣಿಗೆಯಲ್ಲಿ ಪೇಟ ಸುತ್ತಿಕೊಂಡು ಜಾನಪದವಾಗಿ ಕುಣಿಯುವುದೂ ಇಲ್ಲ. ನಮ್ಮ ಸಭೆಗೆ ಬಡಿಯುತ್ತೇವೆ. ನಮ್ಮ ಮಗು ಹುಟ್ಟಿದರೆ ಬಡಿಯುತ್ತೇವೆ. ಸುದ್ದಿ ನಮ್ಮದಾದಾಗ ಸಾರುತ್ತೇವೆ. ಸಿದ್ಧಲಿಂಗಯ್ಯನವರು 1975ರಲ್ಲಿ ತಮ್ಮ ಮೊದಲ ಸಂಕಲನಕ್ಕೆ ಹೊಲೆಮಾದಿಗರ ಹಾಡು ಅಂತ ಹೆಸರಿಟ್ಟರಲ್ಲ, ಬೈಗುಳವನ್ನು ಕಿತ್ತುಕೊಂಡು ರಟ್ಟಿನ ಮೇಲೆ ಅಚ್ಚು ಹಾಕಿಸುವುದು ಅಂದರೆ ಅದು.

ಒಂದು ಮಾತು ನಮಗೆ ನಾವೇ ಹೇಳಿಕೊಳ್ಳಬೇಕು. ನಮ್ಮ ಕೇರಿಗೆ ಬಂದು ಬೇಡುವ ದಕ್ಕಲರನ್ನು ನಾವು ಎಲ್ಲಿ ಕೂರಿಸುತ್ತೇವೆ? ಮನೆಯ ಒಳಗೆ ಕರೆಯುತ್ತೇವೆಯೇ? ನಮ್ಮ ತುಮಕೂರಿನ ಕವಿ ಕೆ.ಬಿ. ಸಿದ್ದಯ್ಯನವರು ದಕ್ಲಕಥಾದೇವಿಕಾವ್ಯ ಬರೆದು ಈ ಪ್ರಶ್ನೆಯನ್ನು ನಮ್ಮ ಹೊಸ್ತಿಲ ಮೇಲೆ ಇಟ್ಟು ಹೋದರು. ಇನ್ನು, ಕುಡಿದು ಬಂದ ನಾವು ಹೆಂಡತಿಯನ್ನು, ಇನ್ನೊಬ್ಬನ ತಾಯಿಯನ್ನು ಹಿಡಿದು ಬೈಯುತ್ತೇವಲ್ಲ, ಆ ಪದಗಳನ್ನು ಯಾವ ಡಿಕ್ಷನರಿಗೆ ಹಾಕೋಣ? ನಮ್ಮ ಹೆಸರನ್ನು ಬೈಗುಳ ಮಾಡಿದವರನ್ನು ಪ್ರಶ್ನಿಸುವ ಬಾಯಿ ಹೆಣ್ಣಿನ ಮೈಯನ್ನು ಬೈಗುಳ ಮಾಡಬಾರದು.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಅಕ್ಕಂದಿರೇ, ನಿಮ್ಮಲ್ಲಿ ನಮ್ಮದೊಂದು ಬೇಡಿಕೆ. ನಾಳೆ ಆ ಇಂಗ್ಲಿಷ್ ಪದ ಪಾಠದಲ್ಲಿ ಬಂದರೆ ಬರೀ ಬಹಿಷ್ಕೃತ ಅಂತ ಬರೆಸಿ ಮುಂದೆ ಹೋಗಬೇಡಿ. ಇದು ಒಂದು ವಾದ್ಯದ ಹೆಸರು ಅಂತ ಹೇಳಿ. ಅದನ್ನು ಬಡಿದವರು ಯಾರು, ಅವರನ್ನು ದೂರ ಇಟ್ಟವರು ಯಾರು ಅಂತ ಮಕ್ಕಳನ್ನೇ ಕೇಳಿ. ಕೊನೇ ಬೆಂಚಿನಲ್ಲಿ ಒಬ್ಬ ಹುಡುಗ ತಲೆ ತಗ್ಗಿಸಿ ಕೂತಿರುತ್ತಾನೆ, ಒಬ್ಬಳು ಹುಡುಗಿ ಕೂತಿರುತ್ತಾಳೆ. ಅವರ ಮನೆಯಲ್ಲಿ ಆ ವಾದ್ಯ ಇದ್ದೀತು. ತರಲು ಹೇಳಿ. ಹುಲ್ಲು ಹೊತ್ತಿಸಿ ಕಾಯಿಸಿ, ಶಾಲೆಯ ಅಂಗಳದಲ್ಲಿ ಬಡಿಯಲಿ. ಮಿಕ್ಕ ಮಕ್ಕಳೂ ಮುಟ್ಟಲಿ, ಬಡಿಯಲಿ. ಅರ್ಥ ಆಗ ಗೊತ್ತಾಗುತ್ತದೆ.

ಮೊನ್ನೆ ಊರಿಗೆ ಹೋದಾಗ ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದೆವು. ನಮ್ಮ ಅರೆಯ ಹೆಸರೇ ಬಿಳಿಯರ ಪುಸ್ತಕದಲ್ಲಿ ಬೈಗುಳ ಆಗಿದೆ ದೊಡ್ಡಪ್ಪಾ ಅಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. "ಅಷ್ಟು ದೂರಕ್ಕೂ ಕೇಳಿಸಿತ್ತಾ ನಮ್ ಅರೆ ಸದ್ದು?" ಅಂದರು. ಎದ್ದು ಹೋಗಿ ಗೂಟದಿಂದ ಇಳಿಸಿ, ಪಂಚೆಯ ತುದಿಯಿಂದ ಧೂಳು ಒರೆಸಿದರು.